ಓರೆಯಾದ ಸ್ಟೀರಿಂಗ್ ಅನ್ನು ಮನೆಯಲ್ಲೇ ನೇರಗೊಳಿಸುವುದು: ಸಮಗ್ರ ಮಾರ್ಗದರ್ಶಿ

ಕಾರು ನೇರವಾಗಿ ಸಾಗುತ್ತಿದ್ದರೂ ಸ್ಟೀರಿಂಗ್ ಮಾತ್ರ ಎಡಕ್ಕೋ ಬಲಕ್ಕೋ ವಾಲಿ ನಿಂತಿರುವುದು ಬಹಳ ಸಾಮಾನ್ಯವಾದ ದೋಷ. ಟೈ ರಾಡ್ ಎಂಡ್ (ಟೈ ರಾಡ್ ಎಂಬ ದಂಡದ ಹೊರತುದಿಯ ಕೀಲು) ಅಥವಾ ಸ್ಟೀರಿಂಗ್ ರ‍್ಯಾಕ್ ಬದಲಾಯಿಸಿದ ಬಳಿಕ, ಸಸ್ಪೆನ್ಷನ್ ಕೆಲಸವಾದ ಬಳಿಕ, ಸ್ಟೀರಿಂಗ್ ಅನ್ನು ನೇರವಾಗಿ ಬಿಗಿದು ನಿಲ್ಲಿಸದೆ ಮಾಡಿದ ವೀಲ್ ಅಲೈನ್‌ಮೆಂಟ್‌ನ ಬಳಿಕ, ಅಥವಾ ಚಕ್ರವು ಆಳವಾದ ಗುಂಡಿಗೋ ರಸ್ತೆಯಂಚಿನ ಕಲ್ಲಿಗೋ ಬಲವಾಗಿ ಬಡಿದ ಬಳಿಕ ಇದು ಕಾಣಿಸಿಕೊಳ್ಳುತ್ತದೆ. ಇದನ್ನು ಸರಿಪಡಿಸಲು ಬೇಕಾದ ಉಪಕರಣಗಳು ಕೆಲವೇ, ಬೇಕಾದ ಬಲವೂ ಹೆಚ್ಚಲ್ಲ. ಆದರೆ ಯಾವ ಭಾಗವನ್ನು, ಯಾವ ದಿಕ್ಕಿಗೆ, ಎಷ್ಟು ತಿರುಗಿಸುತ್ತಿದ್ದೇವೆ ಎಂಬುದು ಸ್ಪಷ್ಟವಾಗಿ ತಿಳಿದಿರಬೇಕು ಮತ್ತು ತಿರುಗಿಸಿದ್ದನ್ನೆಲ್ಲ ಎಣಿಸಿ ಬರೆದಿಡುವ ತಾಳ್ಮೆ ಇರಬೇಕು.

ಮೊದಲು ವ್ಯವಸ್ಥೆಯನ್ನು ಅರ್ಥ ಮಾಡಿಕೊಳ್ಳೋಣ. ಇಂದಿನ ಬಹುತೇಕ ಕಾರುಗಳಲ್ಲಿ ಸ್ಟೀರಿಂಗ್‌ನ ಶಾಫ್ಟ್ ಕೆಳಗಿಳಿದು, ಹಲ್ಲುಗಳಿರುವ ಒಂದು ಉದ್ದನೆಯ ದಂಡವನ್ನು ಎಡಕ್ಕೂ ಬಲಕ್ಕೂ ಸರಿಸುತ್ತದೆ. ಇದೇ ರ‍್ಯಾಕ್. ರ‍್ಯಾಕ್‌ನ ಎರಡೂ ತುದಿಗಳಿಂದ ಒಂದೊಂದು ಟೈ ರಾಡ್ ಹೊರಟು, ಚಕ್ರದ ನಡುವಿನ ಹಬ್‌ಗೆ ಸೇರಿದ ಸ್ಟೀರಿಂಗ್ ಆರ್ಮ್ ಅನ್ನು ತಳ್ಳುತ್ತದೆ ಅಥವಾ ಎಳೆಯುತ್ತದೆ. ಸ್ಟೀರಿಂಗ್ ನೇರವಾಗಿರುವಾಗ ಮುಂದಿನ ಚಕ್ರಗಳು ಯಾವ ಕಡೆ ಮುಖ ಮಾಡಿರುತ್ತವೆ ಎಂಬುದನ್ನು ಈ ಎರಡು ರಾಡ್‌ಗಳ ಉದ್ದವೇ ನಿರ್ಧರಿಸುತ್ತದೆ. ಒಂದು ರಾಡ್ ಇರಬೇಕಾದುದಕ್ಕಿಂತ ಉದ್ದವಾಗಿ ಇನ್ನೊಂದು ಅಷ್ಟೇ ಗಿಡ್ಡವಾಗಿದ್ದರೆ, ಚಕ್ರಗಳು ಒಂದಕ್ಕೊಂದು ಸರಿಯಾದ ಹೊಂದಾಣಿಕೆಯಲ್ಲೇ ಇದ್ದು ಕಾರೂ ನೇರವಾಗಿ ಓಡುತ್ತದೆ, ಸ್ಟೀರಿಂಗ್ ಮಾತ್ರ ಓರೆಯಾಗುತ್ತದೆ. ಆದ್ದರಿಂದ ಪರಿಹಾರವೂ ಅಲ್ಲೇ ಇದೆ: ಒಂದು ಕಡೆಯ ಟೈ ರಾಡನ್ನು ಎಷ್ಟು ಉದ್ದ ಮಾಡುತ್ತೇವೋ ಇನ್ನೊಂದು ಕಡೆಯದನ್ನು ಅಷ್ಟೇ ಗಿಡ್ಡ ಮಾಡಬೇಕು. ಮುಂದೆ ಹೇಳುವ ಎಲ್ಲ ಹಂತಗಳೂ ಈ ಒಂದು ನಿಯಮವನ್ನು ತಪ್ಪದೆ ಪಾಲಿಸುವುದಕ್ಕಾಗಿಯೇ ಇವೆ.

ಓರೆಯೋ, ಎಳೆತವೋ?

ಸ್ಟೀರಿಂಗ್ ಓರೆಯಾಗಿರುವುದು ಮತ್ತು ಕಾರು ಒಂದು ಕಡೆಗೆ ಎಳೆಯುವುದು ಬೇರೆ ಬೇರೆ ದೋಷಗಳು. ಸಮತಟ್ಟಾದ, ವಾಹನಗಳಿಲ್ಲದ ನೇರ ಜಾಗದಲ್ಲಿ ಗಂಟೆಗೆ 40 ರಿಂದ 50 ಕಿ.ಮೀ. ವೇಗದಲ್ಲಿ ಸಾಗುತ್ತಾ ಹಿಡಿತವನ್ನು ಸಡಿಲಿಸಿ, ಕೈಗಳನ್ನು ಸ್ಟೀರಿಂಗ್‌ನ ಪಕ್ಕದಲ್ಲೇ ಇಟ್ಟುಕೊಂಡು ನೋಡಬೇಕು. ಸ್ಟೀರಿಂಗ್ ಓರೆಯಾದ ಸ್ಥಿತಿಯಲ್ಲೇ ನೆಲೆನಿಂತು ಕಾರು ನೇರವಾಗಿ ಮುಂದುವರಿದರೆ ಅದು ಈ ಲೇಖನದ ವಿಷಯ. ಕೈ ಸಡಿಲಿಸಿದೊಡನೆ ಕಾರು ಒಂದು ಪಕ್ಕಕ್ಕೆ ಸರಿಯತೊಡಗಿದರೆ ಅದು ಎಳೆತ. ಅದಕ್ಕೆ ಟೈರಿನ ಗಾಳಿಯ ಒತ್ತಡದ ವ್ಯತ್ಯಾಸ, ಟೈರಿನೊಳಗಿನ ದೋಷ, ಬಿಡದೆ ಉಜ್ಜುತ್ತಿರುವ ಬ್ರೇಕ್ ಅಥವಾ ಕ್ಯಾಂಬರ್ (ಚಕ್ರ ಒಳಕ್ಕೆ ಅಥವಾ ಹೊರಕ್ಕೆ ವಾಲಿರುವುದು) ಮತ್ತು ಕ್ಯಾಸ್ಟರ್ (ಚಕ್ರ ಎಡಬಲ ತಿರುಗುವ ಅಕ್ಷ ಹಿಂದಕ್ಕೆ ಅಥವಾ ಮುಂದಕ್ಕೆ ವಾಲಿರುವುದು) ಕೋನಗಳಲ್ಲಿನ ಎಡಬಲ ವ್ಯತ್ಯಾಸ ಕಾರಣವಾಗಿರುತ್ತದೆ. ಎಳೆತವಿರುವ ಕಾರನ್ನು ನೇರ ಸಾಗಿಸಲು ಚಾಲಕನು ಸ್ಟೀರಿಂಗ್ ಅನ್ನು ಎದುರು ದಿಕ್ಕಿಗೆ ಹಿಡಿದಿರಬೇಕಾಗುವುದರಿಂದ ಅದೂ ಓರೆಯಂತೆಯೇ ಕಾಣುತ್ತದೆ. ಇಂಥ ಕಾರಿನಲ್ಲಿ ಟೈ ರಾಡ್ ತಿರುಗಿಸಿದರೆ ಎಳೆತ ಹಾಗೆಯೇ ಉಳಿಯುತ್ತದೆ. ಮುಂದಿನ ಎರಡು ಟೈರುಗಳನ್ನು ಎಡಬಲ ಅದಲುಬದಲು ಮಾಡಿದಾಗ ಎಳೆತದ ದಿಕ್ಕೂ ಬದಲಾದರೆ ದೋಷ ಟೈರಿನಲ್ಲಿದೆ ಎಂದು ತಿಳಿಯಬಹುದು. ಒಂದೇ ದಿಕ್ಕಿಗೆ ಉರುಳಬೇಕೆಂದು ಬಾಣದ ಗುರುತಿರುವ ಟೈರುಗಳಲ್ಲಿ ಈ ಪರೀಕ್ಷೆ ಸಲ್ಲದು.

ಮಳೆನೀರು ಹರಿದುಹೋಗಲೆಂದು ರಸ್ತೆಗಳನ್ನು ನಡುವಿನಲ್ಲಿ ಎತ್ತರವಾಗಿ, ಅಂಚಿನತ್ತ ಇಳಿಜಾರಾಗಿ ಕಟ್ಟಿರುತ್ತಾರೆ. ಈ ಇಳಿಜಾರು ಸಾಮಾನ್ಯವಾಗಿ ಶೇಕಡಾ 2ರಷ್ಟಿದ್ದು, ಯಾವ ದೋಷವೂ ಇಲ್ಲದ ಕಾರಿನ ಸ್ಟೀರಿಂಗ್ ಅನ್ನೂ ಒಂದೆರಡು ಡಿಗ್ರಿ ಓರೆಯಾಗಿಸಬಲ್ಲದು. ಆದಕಾರಣ ಪರೀಕ್ಷೆಗೆ ವಿಶಾಲವಾದ ಸಮತಟ್ಟಾದ ಮೈದಾನವೋ ಖಾಲಿ ವಾಹನ ನಿಲುಗಡೆಯ ಜಾಗವೋ ಉತ್ತಮ. ಅಂಥ ಜಾಗದಲ್ಲಿ ಒಂದೇ ಗೆರೆಯ ಮೇಲೆ ಎರಡೂ ದಿಕ್ಕಿಗೆ ಓಡಿಸಿ ನೋಡಿದರೆ ನೆಲದ ವಾಲುವಿಕೆಯ ಮತ್ತು ಗಾಳಿಯ ಪ್ರಭಾವ ಬೇರೆಯಾಗಿ ತಿಳಿಯುತ್ತದೆ.

ಸ್ಪ್ಯಾನರ್ ಹಿಡಿಯುವ ಮುನ್ನ ಮಾಡಬೇಕಾದ ತಪಾಸಣೆ

ನಾಲ್ಕೂ ಟೈರುಗಳಲ್ಲಿ, ಅವು ತಣ್ಣಗಿರುವಾಗ, ಕಾರಿನ ಬಾಗಿಲ ಚೌಕಟ್ಟಿನಲ್ಲೋ ಕೈಪಿಡಿಯಲ್ಲೋ ಸೂಚಿಸಿರುವಷ್ಟು ಗಾಳಿ ತುಂಬಿಸಬೇಕು. ಬಳಿಕ ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ ಸವೆತವನ್ನು ಪರೀಕ್ಷಿಸಬೇಕು. ಚಕ್ರವನ್ನು ಎಡಬಲ ಅಂಚುಗಳಲ್ಲಿ, ಅಂದರೆ ಗಡಿಯಾರದ 9 ಮತ್ತು 3ರ ಸ್ಥಾನಗಳಲ್ಲಿ ಹಿಡಿದು ಅಲುಗಾಡಿಸಿದಾಗ ಲೊಟಗುಟ್ಟುವ ಸಡಿಲತನ ಸಿಕ್ಕರೆ ಟೈ ರಾಡ್‌ನ ಕೀಲುಗಳು ಸವೆದಿರುವ ಸಂಭವ ಹೆಚ್ಚು. 12 ಮತ್ತು 6ರ ಸ್ಥಾನಗಳಲ್ಲಿ ಹಿಡಿದಾಗ ಅಲುಗಿದರೆ ಸಸ್ಪೆನ್ಷನ್‌ನ ಬಾಲ್ ಜಾಯಿಂಟ್ (ಗುಂಡಿನಂತೆ ತಿರುಗುವ ಕೀಲು) ಅಥವಾ ಚಕ್ರದ ಬೇರಿಂಗ್ ಅನ್ನು ಅನುಮಾನಿಸಬೇಕು. ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಕಂಟ್ರೋಲ್ ಆರ್ಮ್‌ನ ರಬ್ಬರ್ ಬುಷ್‌ಗಳು ಬಿರುಕು ಬಿಟ್ಟಿವೆಯೇ, ಟೈ ರಾಡ್ ಎಲ್ಲಿಯಾದರೂ ಬಾಗಿದೆಯೇ ಎಂದು ಬೆಳಕು ಹಾಯಿಸಿ ನೋಡಬೇಕು. ಸವೆದ ಅಥವಾ ಬಾಗಿದ ಭಾಗವನ್ನು ಹಾಗೆಯೇ ಉಳಿಸಿಕೊಂಡು ಮಾಡಿದ ಹೊಂದಾಣಿಕೆ ನಿಲ್ಲುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಗುಂಡಿಗೆ ಬಿದ್ದು ಬಾಗಿದ ರಾಡನ್ನು ತಿರುಗಿಸಿ ಸ್ಟೀರಿಂಗ್ ನೇರ ಮಾಡಿಕೊಂಡು ಓಡಾಡುವುದು ನಿಜವಾದ ಅಪಾಯವನ್ನು ಮರೆಮಾಚುವ ಕೆಲಸ. ಓರೆ ಒಂದೇ ಏಟಿಗೆ, ಒಂದು ಹೊಡೆತದ ಬೆನ್ನಲ್ಲೇ ಕಾಣಿಸಿಕೊಂಡಿದ್ದರೆ ಬಾಗಿದ ಭಾಗವನ್ನು ಹುಡುಕಿ ಬದಲಾಯಿಸುವುದೇ ಮೊದಲ ಕೆಲಸ.

ಮುಂದಿನ ಪರೀಕ್ಷೆಯನ್ನು ಅನೇಕರು ಕೈಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ತಪಾಸಣೆಯಲ್ಲಿ ಹೆಚ್ಚು ತಿಳಿವು ಕೊಡುವುದು ಅದೇ. ಚಕ್ರಗಳು ಎತ್ತಿದ ಸ್ಥಿತಿಯಲ್ಲಿರುವಾಗಲೇ, ಸ್ಟೀರಿಂಗ್ ಲಾಕ್ ಬಿಡುವಷ್ಟು ಕೀಲಿಯನ್ನು ತಿರುಗಿಸಿ, ಸ್ಟೀರಿಂಗ್ ಅನ್ನು ಮೆಲ್ಲಗೆ ಎಡತುದಿಯವರೆಗೆ ಒಯ್ದು, ಅಲ್ಲಿಂದ ಬಲತುದಿಗೆ ಎಷ್ಟು ಸುತ್ತು ಎಂದು ಎಣಿಸಬೇಕು. ಬಹುತೇಕ ಕಾರುಗಳಲ್ಲಿ ಇದು 2.5 ರಿಂದ 4 ಸುತ್ತುಗಳ ನಡುವೆ ಇರುತ್ತದೆ. ಅದರ ಅರ್ಧದಷ್ಟು ಹಿಂದಿರುಗಿದರೆ ಸಿಗುವುದು ರ‍್ಯಾಕ್‌ನ ನಡುಬಿಂದು. ಈ ನಡುಬಿಂದುವಿನಲ್ಲಿ ಸ್ಟೀರಿಂಗ್ ನೇರವಾಗಿ ನಿಂತು, ಚಕ್ರಗಳು ಮಾತ್ರ ಪಕ್ಕಕ್ಕೆ ಮುಖ ಮಾಡಿದ್ದರೆ ತಪ್ಪು ಟೈ ರಾಡ್‌ಗಳ ಉದ್ದದಲ್ಲಿದೆ. ನಡುಬಿಂದುವಿನಲ್ಲಿ ಚಕ್ರಗಳು ನೇರವಾಗಿದ್ದು ಸ್ಟೀರಿಂಗ್ ಓರೆಯಾಗಿದ್ದರೆ, ಸ್ಟೀರಿಂಗ್ ಅನ್ನೋ ಅದರ ಕೆಳಗಿನ ಶಾಫ್ಟ್‌ನ ಜೋಡಣೆಯನ್ನೋ ಹಿಂದೊಮ್ಮೆ ಯಾರೋ ಕಳಚಿ, ಮರಳಿ ಕೂರಿಸುವಾಗ ಹಲ್ಲು ತಪ್ಪಿಸಿದ್ದಾರೆ ಎಂದರ್ಥ. ಕೆಲವು ಕಾರುಗಳಲ್ಲಿ ಎರಡು ತುದಿಗಳ ತಡೆಗಳು ಪೂರ್ತಿ ಸಮಾನ ದೂರದಲ್ಲಿರುವುದಿಲ್ಲವಾದ್ದರಿಂದ ಐದಾರು ಡಿಗ್ರಿಯ ವ್ಯತ್ಯಾಸದಿಂದ ಯಾವ ನಿರ್ಣಯಕ್ಕೂ ಬರಬಾರದು.

ಸ್ಟೀರಿಂಗ್ ಅನ್ನೇ ಕಿತ್ತು ಕೂರಿಸಬಾರದೇ?

ನಡುವಿನ ನಟ್ ಬಿಚ್ಚಿ, ಸ್ಟೀರಿಂಗ್ ಅನ್ನು ಹೊರಗೆಳೆದು, ನೇರವಾಗಿಟ್ಟು ಮತ್ತೆ ಬಿಗಿಯುವುದು ಎಲ್ಲಕ್ಕಿಂತ ಸುಲಭವೆಂದು ತೋರುತ್ತದೆ. ಟೈ ರಾಡ್‌ಗಳಲ್ಲಿ ದೋಷವಿರುವಾಗ ಇದನ್ನು ಮಾಡಲೇಬಾರದು. ಮೊದಲನೆಯದಾಗಿ, ಸ್ಟೀರಿಂಗ್‌ನ ನಡುವೆ ಏರ್‌ಬ್ಯಾಗ್ ಇದೆ. ಬ್ಯಾಟರಿಯ ಸಂಪರ್ಕ ತಪ್ಪಿಸಿ, ಕೈಪಿಡಿ ಹೇಳುವಷ್ಟು ಹೊತ್ತು ಕಾಯದೆ ಅದನ್ನು ಮುಟ್ಟಿದರೆ ಅದು ಸಿಡಿಯಬಹುದು. ಎರಡನೆಯದಾಗಿ, ಏರ್‌ಬ್ಯಾಗ್‌ಗೆ ಮತ್ತು ಹಾರನ್‌ಗೆ ವಿದ್ಯುತ್ ಒಯ್ಯುವ ಕ್ಲಾಕ್ ಸ್ಪ್ರಿಂಗ್ ಎಂಬ ಸುರುಳಿಪಟ್ಟಿ ಎರಡೂ ಕಡೆಗೆ ಸಮನಾದ ಸುತ್ತುಗಳನ್ನಷ್ಟೇ ತಾಳಿಕೊಳ್ಳುತ್ತದೆ. ಅದರ ನಡು ತಪ್ಪಿದರೆ ಒಂದು ಕಡೆಗೆ ಪೂರ್ತಿ ತಿರುಗಿಸಿದಾಗ ಪಟ್ಟಿ ಹರಿಯುತ್ತದೆ. ಮೂರನೆಯದು ನಿತ್ಯದ ಬಳಕೆಗೆ ಸಂಬಂಧಿಸಿದ್ದು: ಸ್ಟೀರಿಂಗ್ ನೇರವಾಗಿ ಕಂಡರೂ ರ‍್ಯಾಕ್ ತನ್ನ ನಡುವಿನಲ್ಲಿ ಇರುವುದಿಲ್ಲ, ಆಗ ಎಡ ಮತ್ತು ಬಲ ತಿರುವುಗಳ ಮಿತಿ ಬೇರೆಯಾಗಿಯೇ ಉಳಿಯುತ್ತದೆ ಮತ್ತು ಇಂಡಿಕೇಟರ್ ತಾನಾಗಿ ಆರುವುದೂ ಒಂದು ಕಡೆ ಬೇಗ, ಇನ್ನೊಂದು ಕಡೆ ತಡವಾಗಬಹುದು. ಇದಲ್ಲದೆ ಹಲ್ಲುಗಳ ಅಂತರವೇ ಒಂದು ಮಿತಿ: ಶಾಫ್ಟ್‌ನಲ್ಲಿ 36 ಹಲ್ಲುಗಳಿದ್ದರೆ ಒಂದು ಹಲ್ಲು ಸರಿಸಿದಾಗ 10 ಡಿಗ್ರಿ ಬದಲಾಗುತ್ತದೆ, ನಾಲ್ಕು ಡಿಗ್ರಿಯ ಓರೆಯನ್ನು ಈ ದಾರಿಯಿಂದ ಸರಿಪಡಿಸುವುದು ಸಾಧ್ಯವೇ ಇಲ್ಲ. ಅನೇಕ ಕಾರುಗಳಲ್ಲಿ ಒಂದೇ ಸ್ಥಾನದಲ್ಲಿ ಕೂರುವಂತೆ ಅಗಲವಾದ ಹಲ್ಲೊಂದನ್ನು ಇಟ್ಟಿರುವುದೂ ಉಂಟು. ಹಿಂದೆ ತಪ್ಪಾಗಿ ಕೂರಿಸಿದ್ದಾರೆಂದು ನಡುಬಿಂದುವಿನ ಪರೀಕ್ಷೆ ಸ್ಪಷ್ಟವಾಗಿ ತೋರಿಸಿದಾಗ ಮಾತ್ರ ಸ್ಟೀರಿಂಗ್ ಅನ್ನು ಕಳಚಬೇಕು, ಮತ್ತು ಏರ್‌ಬ್ಯಾಗ್ ಇರುವ ಕಾರಿನಲ್ಲಿ ಆ ಕೆಲಸವನ್ನು ಅನುಭವವಿರುವ ಮೆಕ್ಯಾನಿಕ್‌ಗೆ ಬಿಡುವುದು ಲೇಸು.

ಓರೆಯನ್ನು ಅಳೆಯುವುದು

ಕಣ್ಣಂದಾಜು ಇಲ್ಲಿ ಸಾಲದು. ಸ್ಟೀರಿಂಗ್ ಅನ್ನು ಕಾರು ನಿಂತಿರುವಾಗ ಪೂರ್ತಿ ನೇರವಾಗಿಟ್ಟು, ಅದರ ಅಂಚಿನ ಮೇಲ್ತುದಿಯಲ್ಲಿ ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ ಗೆರೆ ಎಳೆಯಬೇಕು. ಅದಕ್ಕೆ ಎದುರಾಗಿ ಮೀಟರ್‌ಗಳ ಮೇಲಿನ ಹೊದಿಕೆಯ ಮೇಲೂ ಟೇಪ್ ಅಂಟಿಸಿ ಸರಿಸಮಾನವಾದ ಗೆರೆ ಎಳೆಯಬೇಕು. ಬಳಿಕ ನೇರವಾಗಿ ಓಡಿಸುತ್ತಿರುವಾಗ ಎರಡು ಗೆರೆಗಳ ನಡುವಿನ ಅಂತರವನ್ನು ಪಕ್ಕದಲ್ಲಿ ಕುಳಿತವರು ಗುರುತಿಸಿಕೊಳ್ಳಬೇಕು. ಚಾಲಕನೇ ಅಳೆಯಲು ಹೋಗಬಾರದು. ಸ್ಟೀರಿಂಗ್‌ನ ವ್ಯಾಸ ಸುಮಾರು 37 ಸೆಂ.ಮೀ. ಇದ್ದರೆ ಅಂಚಿನಲ್ಲಿ 3.2 ಮಿ.ಮೀ. ಅಂತರವೆಂದರೆ 1 ಡಿಗ್ರಿ. ಗೆರೆಗಳು 24 ಮಿ.ಮೀ. ದೂರವಾಗಿದ್ದರೆ ಓರೆ ಏಳೂವರೆ ಡಿಗ್ರಿ ಎಂದಾಯಿತು.

ಈಗ ಅದಕ್ಕೆ ಟೈ ರಾಡನ್ನು ಎಷ್ಟು ತಿರುಗಿಸಬೇಕು ಎಂಬ ಲೆಕ್ಕ. ಸ್ಟೀರಿಂಗ್‌ನ ಒಂದು ಪೂರ್ಣ ಸುತ್ತಿಗೆ ರ‍್ಯಾಕ್ ಸುಮಾರು 50 ಮಿ.ಮೀ. ಸರಿಯುತ್ತದೆ, ಕಾರಿನಿಂದ ಕಾರಿಗೆ ಇದು ಸ್ವಲ್ಪ ಹೆಚ್ಚು ಕಡಿಮೆಯಾಗುತ್ತದೆ. ಟೈ ರಾಡ್‌ನ ಥ್ರೆಡ್ (ಸ್ಕ್ರೂವಿನಂಥ ಸುರುಳಿ ಎಳೆ) ಸಾಮಾನ್ಯವಾಗಿ ಒಂದು ಸುತ್ತಿಗೆ 1.5 ಮಿ.ಮೀ. ಮುಂದೆ ಸಾಗುತ್ತದೆ. ಅಂದರೆ ಒಂದು ಕಡೆ ಒಂದು ಸುತ್ತು ಉದ್ದ, ಇನ್ನೊಂದು ಕಡೆ ಒಂದು ಸುತ್ತು ಗಿಡ್ಡ ಮಾಡಿದಾಗ ಸ್ಟೀರಿಂಗ್ 10 ರಿಂದ 11 ಡಿಗ್ರಿ ಸರಿಯುತ್ತದೆ. ಏಳೂವರೆ ಡಿಗ್ರಿಗೆ ಎರಡೂ ಕಡೆ ಮುಕ್ಕಾಲು ಸುತ್ತಿಗಿಂತ ತುಸು ಕಡಿಮೆ ಸಾಕು. ಆದರೂ ಮೊದಲ ಬಾರಿಗೆ ಲೆಕ್ಕ ತೋರಿಸಿದಷ್ಟನ್ನೂ ತಿರುಗಿಸದೆ ಅರ್ಧ ಸುತ್ತು ಮಾತ್ರ ತಿರುಗಿಸಿ ಓಡಿಸಿ ನೋಡುವುದು ಒಳ್ಳೆಯದು. ಅರ್ಧ ಸುತ್ತಿಗೆ ಗೆರೆಗಳ ಅಂತರ 24 ಮಿ.ಮೀ.ನಿಂದ 7 ಮಿ.ಮೀ.ಗೆ ಇಳಿದರೆ, ಈ ಕಾರಿನಲ್ಲಿ ಅರ್ಧ ಸುತ್ತಿಗೆ 17 ಮಿ.ಮೀ. ಎಂಬ ನಿಖರವಾದ ಅಳತೆಯೇ ಕೈಗೆ ಸಿಕ್ಕಂತಾಗುತ್ತದೆ. ಉಳಿದ 7 ಮಿ.ಮೀ.ಗೆ ಒಂದು ಸುತ್ತಿನ ಐದನೇ ಒಂದು ಭಾಗ ಬೇಕೆಂದು ನಿಶ್ಚಯವಾಗಿ ಹೇಳಬಹುದು.

ಯಾವ ಕಡೆ ಉದ್ದ, ಯಾವ ಕಡೆ ಗಿಡ್ಡ?

ಗೊಂದಲ ಹೆಚ್ಚಾಗುವುದು ಇಲ್ಲೇ, ಏಕೆಂದರೆ ಉತ್ತರವು ಟೈ ರಾಡ್ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಚಕ್ರದ ಒಳಭಾಗವನ್ನು ಇಣುಕಿ ನೋಡಿದಾಗ, ಟೈ ರಾಡ್ ಎಂಡ್ ಚಕ್ರದ ನಡುವಿಗಿಂತ ಹಿಂದೆ, ಅಂದರೆ ಚಾಲಕನ ಕಡೆಗೆ ಜೋಡಣೆಯಾಗಿದ್ದರೆ ಒಂದು ಬಗೆ. ಮುಂದೆ, ಅಂದರೆ ಬಂಪರ್ ಕಡೆಗೆ ಜೋಡಣೆಯಾಗಿದ್ದರೆ ಇನ್ನೊಂದು ಬಗೆ. ಮುಂಚಕ್ರಗಳಿಂದ ಚಲಿಸುವ ಸಣ್ಣ ಮತ್ತು ಮಧ್ಯಮ ಕಾರುಗಳಲ್ಲಿ ಹೆಚ್ಚಾಗಿ ಮೊದಲ ಬಗೆ ಇರುತ್ತದೆ. ಎಡ ಬಲಗಳನ್ನು ಚಾಲಕನು ಕುಳಿತ ದಿಕ್ಕಿನಿಂದಲೇ ಎಣಿಸಬೇಕು.

ಕಾರು ನೇರವಾಗಿ ಸಾಗುವಾಗ ಸ್ಟೀರಿಂಗ್ ಬಲಕ್ಕೆ ವಾಲಿದೆ ಎಂದುಕೊಳ್ಳೋಣ. ಹಾಗಿದ್ದರೆ ಸ್ಟೀರಿಂಗ್ ಅನ್ನು ನೇರ ಹಿಡಿದಾಗ ಚಕ್ರಗಳೆರಡೂ ಎಡಕ್ಕೆ ಮುಖ ಮಾಡುತ್ತವೆ, ಅವುಗಳನ್ನು ಬಲಕ್ಕೆ ತಿರುಗಿಸಬೇಕಾಗಿದೆ. ಟೈ ರಾಡ್ ಹಿಂಬದಿಯಲ್ಲಿದ್ದರೆ ಎಡಗಡೆಯ ರಾಡನ್ನು ಉದ್ದ ಮಾಡಬೇಕು. ಅದು ಎಡಚಕ್ರದ ಹಿಂಭಾಗವನ್ನು ಹೊರಕ್ಕೆ ತಳ್ಳುವುದರಿಂದ ಮುಂಭಾಗ ಬಲಕ್ಕೆ ತಿರುಗುತ್ತದೆ. ಬಲಗಡೆಯ ರಾಡನ್ನು ಅಷ್ಟೇ ಗಿಡ್ಡ ಮಾಡಬೇಕು. ಅದು ಬಲಚಕ್ರದ ಹಿಂಭಾಗವನ್ನು ಒಳಕ್ಕೆ ಎಳೆದು ಮುಂಭಾಗವನ್ನು ಬಲಕ್ಕೆ ತಿರುಗಿಸುತ್ತದೆ. ಸ್ಟೀರಿಂಗ್ ಎಡಕ್ಕೆ ವಾಲಿದ್ದರೆ ಬಲಗಡೆಯದು ಉದ್ದ, ಎಡಗಡೆಯದು ಗಿಡ್ಡ. ಹಿಂಬದಿಯ ಟೈ ರಾಡ್ ಇರುವ ಕಾರಿಗೆ ಇಷ್ಟನ್ನು ನೆನಪಿಟ್ಟರೆ ಸಾಕು: ಸ್ಟೀರಿಂಗ್ ಯಾವ ಕಡೆ ವಾಲಿದೆಯೋ ಆ ಕಡೆಯ ರಾಡ್ ಗಿಡ್ಡವಾಗಬೇಕು. ಟೈ ರಾಡ್ ಮುಂಬದಿಯಲ್ಲಿದ್ದರೆ ಎಲ್ಲವೂ ತಿರುಗುಮುರುಗು. ವಾಲಿದ ಕಡೆಯ ರಾಡ್ ಉದ್ದವಾಗಬೇಕು.

ಕೆಲಸದ ಹಂತಗಳು

ಬೇಕಾಗುವ ಸಾಮಗ್ರಿ ಇಷ್ಟು: ಜಾಕ್, ಕಾರಿನ ಭಾರ ಹೊರಬಲ್ಲ ಎರಡು ಜಾಕ್ ಸ್ಟ್ಯಾಂಡ್, ಹಿಂಚಕ್ರಗಳಿಗೆ ಅಡ್ಡ ಇಡಲು ಮರದ ತುಂಡುಗಳು, ವೀಲ್ ಸ್ಪ್ಯಾನರ್, ಟೈ ರಾಡ್ ಎಂಡ್ ಅನ್ನು ರಾಡ್‌ಗೆ ಬಿಗಿದಿಡುವ ಲಾಕ್ ನಟ್‌ಗೂ ಟೈ ರಾಡ್‌ನ ಚಪ್ಪಟೆ ಭಾಗಕ್ಕೂ ಹೊಂದುವ ಸ್ಪ್ಯಾನರ್‌ಗಳು, ತಂತಿಯ ಬ್ರಷ್, ತುಕ್ಕು ಸಡಿಲಿಸುವ ಎಣ್ಣೆ, ಇಕ್ಕಳ, ಬಿಳಿ ಪೇಂಟ್ ಅಥವಾ ಮಾರ್ಕರ್, ಅಳತೆ ಟೇಪ್ ಮತ್ತು ಟಾರ್ಕ್ ಅನ್ನು, ಅಂದರೆ ಬಿಗಿಯುವ ತಿರುಚುಬಲವನ್ನು, ಅಳೆಯುವ ಟಾರ್ಕ್ ವ್ರೆಂಚ್.

1. ಕಾರನ್ನು ಗಟ್ಟಿಯಾದ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂಚಕ್ರಗಳಿಗೆ ಅಡ್ಡ ಇಡಬೇಕು. ಮುಂಭಾಗವನ್ನು ಕೈಪಿಡಿಯಲ್ಲಿ ತೋರಿಸಿದ ಜಾಗಗಳಲ್ಲೇ ಎತ್ತಿ ಎರಡೂ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿದ ನಂತರ ಕಾರನ್ನು ಕೈಯಿಂದ ಒಮ್ಮೆ ಬಲವಾಗಿ ಅಲುಗಿಸಿ ಅದು ಭದ್ರವಾಗಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಚಾಚಬಾರದು. ಮುಂದಿನ ಚಕ್ರಗಳನ್ನು ಬಿಚ್ಚಿದರೆ ಕೆಲಸಕ್ಕೆ ಜಾಗ ಧಾರಾಳವಾಗಿ ಸಿಗುತ್ತದೆ.

2. ಟೈ ರಾಡ್‌ನ ಹೊರಗೆ ಕಾಣುವ ಥ್ರೆಡ್‌ಗಳನ್ನು ಬ್ರಷ್‌ನಿಂದ ಉಜ್ಜಿ, ತುಕ್ಕಿನ ಎಣ್ಣೆ ಬಿಟ್ಟು ನೆನೆಯಲು ಬಿಡಬೇಕು. ಹಳೆಯ ಕಾರಾದರೆ ಹಿಂದಿನ ರಾತ್ರಿಯೇ ಎಣ್ಣೆ ಹಾಕಿಡುವುದು ವಾಸಿ. ಬೆಂಕಿಯಿಂದ ಕಾಯಿಸುವ ಉಪಾಯಕ್ಕೆ ಮಾತ್ರ ಹೋಗಬೇಡಿ. ಪಕ್ಕದಲ್ಲೇ ಇರುವ ರಬ್ಬರ್ ಹೊದಿಕೆಯೂ ಕೀಲಿನೊಳಗಿನ ಗ್ರೀಸೂ ಹಾಳಾಗುತ್ತವೆ.

3. ಬಿಚ್ಚುವ ಮೊದಲೇ ಎರಡೂ ಕಡೆ ಲಾಕ್ ನಟ್‌ನ ಆಚೆಗೆ ಕಾಣುವ ಥ್ರೆಡ್‌ನ ಉದ್ದವನ್ನು ಅಳೆದು ಬರೆದುಕೊಳ್ಳಬೇಕು. ರಾಡ್, ಲಾಕ್ ನಟ್ ಮತ್ತು ಟೈ ರಾಡ್ ಎಂಡ್ ಮೂರನ್ನೂ ಹಾಯುವಂತೆ ಬಿಳಿ ಗೆರೆಯೊಂದನ್ನು ಎಳೆಯಬೇಕು. ಸುತ್ತುಗಳನ್ನು ಎಣಿಸುವುದಕ್ಕೂ, ಏನಾದರೂ ಎಡವಟ್ಟಾದರೆ ಹೊರಟ ಜಾಗಕ್ಕೆ ಮರಳುವುದಕ್ಕೂ ಈ ಗೆರೆಯೇ ಆಧಾರ. ಎಡಬಲ ಥ್ರೆಡ್‌ಗಳ ಉದ್ದದಲ್ಲಿ ಸೆಂಟಿಮೀಟರ್‌ನಷ್ಟು ವ್ಯತ್ಯಾಸ ಕಂಡುಬಂದರೆ ಅಲ್ಲೇ ನಿಂತು ಯೋಚಿಸಬೇಕು. ಎಲ್ಲೋ ಒಂದು ಭಾಗ ಬಾಗಿರಬಹುದು ಅಥವಾ ಎರಡು ಕಡೆಗೆ ಬೇರೆ ಬೇರೆ ಅಳತೆಯ ಟೈ ರಾಡ್ ಎಂಡ್ ಹಾಕಿರಬಹುದು.

4. ಟೈ ರಾಡ್ ಎಂಡ್ ಅನ್ನು ಒಂದು ಸ್ಪ್ಯಾನರ್‌ನಿಂದ ಅಲುಗದಂತೆ ಹಿಡಿದು ಇನ್ನೊಂದರಿಂದ ಲಾಕ್ ನಟ್ ಅನ್ನು ಸಡಿಲಿಸಬೇಕು. ಹಾಗೆ ಹಿಡಿಯದಿದ್ದರೆ ಪೂರ್ತಿ ಬಲ ಅದರ ಬಾಲ್ ಜಾಯಿಂಟ್ ಮೇಲೆ ಬೀಳುತ್ತದೆ. ನಟ್ ಒಂದೆರಡು ಸುತ್ತು ಹಿಂದೆ ಸರಿದರೆ ಸಾಕು.

5. ರ‍್ಯಾಕ್‌ನ ತುದಿಯಲ್ಲಿರುವ ಅಕಾರ್ಡಿಯನ್‌ನಂಥ ರಬ್ಬರ್ ಬೂಟ್‌ನ ಸಣ್ಣ ತುದಿಯ ಕ್ಲಿಪ್ ಅನ್ನು ಇಕ್ಕಳದಿಂದ ಸಡಿಲಿಸಬೇಕು. ಇದನ್ನು ಮರೆತರೆ ರಾಡ್ ತಿರುಗಿದಂತೆ ಬೂಟ್ ಕೂಡ ಮುರುಚಿಕೊಂಡು ಮುಂದೊಂದು ದಿನ ಹರಿಯುತ್ತದೆ. ಹರಿದ ಬೂಟ್‌ನೊಳಗೆ ನೀರೂ ಧೂಳೂ ನುಗ್ಗಿ ರ‍್ಯಾಕ್ ಕೆಡುತ್ತದೆ. ಸ್ವಲ್ಪ ಗ್ರೀಸ್ ಸವರಿದರೆ ರಾಡ್ ಬೂಟ್‌ನೊಳಗೆ ಸಲೀಸಾಗಿ ತಿರುಗುತ್ತದೆ.

6. ರಾಡ್‌ನ ಚಪ್ಪಟೆ ಭಾಗಕ್ಕೆ ಸ್ಪ್ಯಾನರ್ ಹಾಕಿ ಲೆಕ್ಕ ಹಾಕಿದಷ್ಟು ತಿರುಗಿಸಬೇಕು. ಯಾವ ಕಡೆಗೆ ತಿರುಗಿಸಿದರೆ ಉದ್ದವಾಗುತ್ತದೆ ಎಂದು ಊಹಿಸುವ ಬದಲು, ಸ್ವಲ್ಪ ತಿರುಗಿಸಿ ರಾಡ್ ಎಂಡ್‌ನಿಂದ ಥ್ರೆಡ್ ಹೊರಬರುತ್ತಿದೆಯೋ ಒಳಹೋಗುತ್ತಿದೆಯೋ ಎಂದು ನೋಡುವುದೇ ಸರಿಯಾದ ದಾರಿ. ಹೊರಬಂದರೆ ಉದ್ದ, ಒಳಹೋದರೆ ಗಿಡ್ಡ. ಬಿಳಿ ಗೆರೆ ಅರ್ಧ ಸುತ್ತು ಬಂದು ಎದುರು ಬದಿಗೆ ನಿಂತಾಗ ನಿಲ್ಲಿಸಬೇಕು. ಇನ್ನೊಂದು ಕಡೆಗೆ ಹೋಗಿ ಅಷ್ಟೇ ಪ್ರಮಾಣದಲ್ಲಿ ವಿರುದ್ಧ ಕೆಲಸ ಮಾಡಬೇಕು.

ಎರಡು ಕಡೆಗಳ ಪ್ರಮಾಣ ಸಮವಾಗಿರಲೇಬೇಕೆಂದು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸ್ಟೀರಿಂಗ್ ಆರ್ಮ್ 120 ಮಿ.ಮೀ. ಉದ್ದವಿದ್ದು ಟೈರಿನ ವ್ಯಾಸ 600 ಮಿ.ಮೀ. ಇದ್ದರೆ, ರಾಡ್‌ನಲ್ಲಿ ಆದ ಬದಲಾವಣೆ ಟೈರಿನ ಅಂಚುಗಳ ಲೆಕ್ಕದಲ್ಲಿ ಐದು ಪಟ್ಟಾಗುತ್ತದೆ. ಒಂದೇ ಕಡೆ ಒಂದು ಸುತ್ತು ತಿರುಗಿಸಿದರೆ ಟೋ, ಅಂದರೆ ಎರಡು ಮುಂಚಕ್ರಗಳ ಮುಂಭಾಗ ಮತ್ತು ಹಿಂಭಾಗಗಳ ಅಂತರದ ವ್ಯತ್ಯಾಸ, 7.5 ಮಿ.ಮೀ. ಬದಲಾಗುತ್ತದೆ. ಸಾಮಾನ್ಯವಾಗಿ ತಯಾರಕರು ಸೂಚಿಸುವ ಟೋ ಒಂದೆರಡು ಮಿಲಿಮೀಟರ್ ಮಾತ್ರ. ಕಾಲು ಸುತ್ತಿನ ಲೆಕ್ಕ ತಪ್ಪಿದರೂ ಸ್ಟೀರಿಂಗ್ ನೇರವಾದೀತು, ಆದರೆ ಟೈರಿನ ಪಟ್ಟೆಗಳು ಒಂದು ಅಂಚಿನಲ್ಲಿ ಗರಗಸದಂತೆ ಚೂಪಾಗಿ ಬೇಗ ಸವೆದುಹೋಗುತ್ತವೆ.

7. ಟೈ ರಾಡ್ ಎಂಡ್ ತನ್ನ ಕೀಲಿನ ಆಟದ ನಡುವಿನಲ್ಲಿರುವಂತೆ, ಯಾವ ಪಕ್ಕಕ್ಕೂ ಒರಗದಂತೆ ಹಿಡಿದುಕೊಂಡು ಲಾಕ್ ನಟ್ ಅನ್ನು ಕಾರಿನ ಸರ್ವಿಸ್ ಕೈಪಿಡಿಯಲ್ಲಿರುವ ಟಾರ್ಕ್‌ಗೆ ಬಿಗಿಯಬೇಕು. ಬಿಗಿಯುವಾಗ ರಾಡ್ ಜೊತೆಗೇ ತಿರುಗಿಬಿಡುವುದುಂಟು. ಗೆರೆಯ ಮೇಲೆ ಕಣ್ಣಿರಲಿ. ಬೂಟ್ ಮುರುಚಿಲ್ಲವೆಂದು ನೋಡಿ ಕ್ಲಿಪ್ ಹಾಕಿ, ಚಕ್ರ ಕೂರಿಸಿ, ಕಾರನ್ನು ಇಳಿಸಿ, ಚಕ್ರದ ನಟ್‌ಗಳನ್ನೂ ಸೂಚಿಸಿದ ಟಾರ್ಕ್‌ಗೆ ಬಿಗಿಯಬೇಕು.

ಓಡಿಸಿ ನೋಡುವುದು, ಟೋ ಅಳೆಯುವುದು

ಎತ್ತಿ ಇಳಿಸಿದ ಕಾರಿನ ಸಸ್ಪೆನ್ಷನ್ ಕೂಡಲೇ ತನ್ನ ಸಹಜ ಮಟ್ಟಕ್ಕೆ ಬರುವುದಿಲ್ಲ. ಕೆಲವು ಮೀಟರ್ ಹಿಂದೆ ಮುಂದೆ ಚಲಿಸಿ, ಮುಂಭಾಗವನ್ನು ಎರಡು ಮೂರು ಸಲ ಒತ್ತಿ ಬಿಟ್ಟ ನಂತರವೇ ಏನನ್ನಾದರೂ ಅಳೆಯಬೇಕು. ಮೊದಲ ಓಟ ನಿಧಾನವಾಗಿರಲಿ. ಅದೇ ಜಾಗದಲ್ಲಿ, ಅದೇ ದಿಕ್ಕಿನಲ್ಲಿ ಓಡಿಸಿ ಗೆರೆಗಳ ಅಂತರವನ್ನು ನೋಡಿಕೊಳ್ಳಬೇಕು. ಓರೆ ಕಡಿಮೆಯಾಗುವ ಬದಲು ಹೆಚ್ಚಾಗಿದ್ದರೆ ದಿಕ್ಕು ತಪ್ಪಿದೆ ಎಂದಷ್ಟೇ ಅರ್ಥ; ತಿರುಗಿಸಿದ್ದನ್ನು ಎರಡೂ ಕಡೆ ಹಿಂದಿರುಗಿಸಿ, ಮತ್ತಷ್ಟನ್ನು ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಉಳಿದ ಓರೆ 1 ಡಿಗ್ರಿಗಿಂತ ಕಡಿಮೆಯಾದಾಗ ನಿಲ್ಲಿಸಬಹುದು. ಅದಕ್ಕಿಂತ ಸೂಕ್ಷ್ಮವಾದುದನ್ನು ರಸ್ತೆಯ ಇಳಿಜಾರೇ ನುಂಗಿಹಾಕುತ್ತದೆ.

ಎಣಿಕೆ ಸರಿಯಾಗಿದ್ದರೆ ಟೋ ಬದಲಾಗಿರಬಾರದು, ಆದರೂ ಅಳೆದು ನೋಡುವುದು ಕರ್ತವ್ಯ. ಸ್ಟೀರಿಂಗ್ ನೇರವಾಗಿರುವಂತೆ ಕಾರನ್ನು ಮುಂದಕ್ಕೆ ಉರುಳಿಸಿ ನಿಲ್ಲಿಸಿ, ಎರಡೂ ಮುಂಟೈರುಗಳ ಹಿಂಬದಿಯಲ್ಲಿ, ನೆಲದಿಂದ ಒಂದೇ ಎತ್ತರದಲ್ಲಿ, ಪಟ್ಟೆಯ ಮೇಲೆ ಒಂದೊಂದು ಸಣ್ಣ ಗುರುತು ಹಾಕಿ ಅವುಗಳ ನಡುವಿನ ಅಂತರವನ್ನು ಅಳೆಯಬೇಕು. ಎತ್ತರ ಚಕ್ರದ ನಡುವಿನ ಮಟ್ಟಕ್ಕೆ ಹತ್ತಿರವಾದಷ್ಟೂ ಒಳ್ಳೆಯದು. ಬಳಿಕ ಅದೇ ಗುರುತುಗಳು ಮುಂಬದಿಗೆ, ಅದೇ ಎತ್ತರಕ್ಕೆ ಬರುವವರೆಗೆ ಕಾರನ್ನು ಮುಂದಕ್ಕೆ ತಳ್ಳಿ ಮತ್ತೆ ಅಳೆಯಬೇಕು. ಒಂದೇ ಗುರುತನ್ನು ಎರಡೂ ಕಡೆ ಅಳೆಯುವುದರಿಂದ ರಿಮ್ ಅಥವಾ ಟೈರಿನ ಸಣ್ಣ ಡೊಂಕು ಲೆಕ್ಕಕ್ಕೆ ಬರುವುದಿಲ್ಲ. ಗುರುತು ದಾಟಿ ಹೋದರೆ ಹಿಂದಕ್ಕೆ ತಳ್ಳಬಾರದು, ಹಿಂದಕ್ಕೆ ಉರುಳಿದಾಗ ಸಸ್ಪೆನ್ಷನ್‌ನ ಬುಷ್‌ಗಳು ಬೇರೆ ದಿಕ್ಕಿಗೆ ಒತ್ತಲ್ಪಟ್ಟು ಅಳತೆ ಕೆಡುತ್ತದೆ. ಮೊದಲಿನಿಂದ ಶುರು ಮಾಡಬೇಕು. ಹಿಂಬದಿಯ ಅಂತರದಿಂದ ಮುಂಬದಿಯದನ್ನು ಕಳೆದಾಗ ಸಿಗುವುದೇ ಟೋ. ಈ ಅಳತೆಯನ್ನು ಕೆಲಸಕ್ಕೆ ಮೊದಲೂ ಒಮ್ಮೆ ಮಾಡಿಟ್ಟುಕೊಂಡರೆ ಹೋಲಿಕೆಗೆ ಅನುಕೂಲ.

ಹಿಂಚಕ್ರಗಳ ಪಾತ್ರವನ್ನೂ ಮರೆಯಬಾರದು. ಅವುಗಳ ದಿಕ್ಕು ಕಾರಿನ ಮೈಗೆ 0.3 ಡಿಗ್ರಿ ಓರೆಯಾಗಿದ್ದರೂ, ನೇರ ಸಾಗಲು ಮುಂಚಕ್ರಗಳು ಅಷ್ಟೇ ಓರೆಯಾಗಬೇಕಾಗುತ್ತದೆ. ಸ್ಟೀರಿಂಗ್‌ನ ಅನುಪಾತ 16ಕ್ಕೆ 1 ಇದ್ದರೆ, ಅಂದರೆ ಚಕ್ರಗಳು 1 ಡಿಗ್ರಿ ತಿರುಗಲು ಸ್ಟೀರಿಂಗ್ 16 ಡಿಗ್ರಿ ತಿರುಗಬೇಕಿದ್ದರೆ, ಸ್ಟೀರಿಂಗ್ ಸುಮಾರು 5 ಡಿಗ್ರಿ ವಾಲುತ್ತದೆ. ಓಡಿಸಿ ನೋಡಿ ಸರಿಪಡಿಸುವ ಈ ವಿಧಾನದಲ್ಲಿ ಮುಂಚಕ್ರಗಳು ಹಿಂಚಕ್ರಗಳ ದಿಕ್ಕಿಗೇ ಹೊಂದಿಕೊಳ್ಳುವುದರಿಂದ ಸಣ್ಣ ವ್ಯತ್ಯಾಸ ತಾನಾಗಿ ಸರಿದೂಗುತ್ತದೆ. ಆದರೆ ವ್ಯತ್ಯಾಸ ದೊಡ್ಡದಿದ್ದರೆ ಕಾರು ಏಡಿಯಂತೆ ಪಕ್ಕಕ್ಕೆ ಸರಿದು ಓಡುತ್ತಿರುತ್ತದೆ. ನೀರು ಚೆಲ್ಲಿದ ನೆಲವನ್ನು ನೇರವಾಗಿ ದಾಟಿ, ಒಣನೆಲದ ಮೇಲೆ ಮೂಡಿದ ಗುರುತುಗಳನ್ನು ನೋಡಿದರೆ ಇದು ತಿಳಿಯುತ್ತದೆ: ಹಿಂಚಕ್ರದ ಗುರುತು ಮುಂಚಕ್ರದ ಗುರುತಿನಿಂದ ಎಡಗಡೆ ಎಷ್ಟು ಒಳಗಿದೆಯೋ ಬಲಗಡೆಯೂ ಅಷ್ಟೇ ಒಳಗಿರಬೇಕು. ಹಾಗಿಲ್ಲದಿದ್ದರೆ ಹಿಂದಿನ ಆಕ್ಸಲ್ ಬಾಗಿದೆಯೇ, ಅದರ ಬುಷ್ ಹೋಗಿದೆಯೇ ಎಂದು ತಪಾಸಣೆ ಮಾಡಿಸಬೇಕು.

ಸ್ಟೀರಿಂಗ್ ಕೋನವನ್ನು ಅರಿಯುವ ಸೆನ್ಸರ್

ಸ್ಟೆಬಿಲಿಟಿ ಕಂಟ್ರೋಲ್ (ಕಾರು ಜಾರಿದಾಗ ಒಂದೊಂದು ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕಿ ಹಿಡಿತ ಉಳಿಸುವ ವ್ಯವಸ್ಥೆ) ಇರುವ ಕಾರುಗಳಲ್ಲಿ ಸ್ಟೀರಿಂಗ್‌ನ ಕೋನವನ್ನು ಒಂದು ಸೆನ್ಸರ್ ಸದಾ ಅಳೆಯುತ್ತಿರುತ್ತದೆ. ಓರೆಯಾದ ಸ್ಟೀರಿಂಗ್ ಅನ್ನು ನೇರವೆಂದು ಅದಕ್ಕೆ ಹಿಂದೆ ಕಲಿಸಿದ್ದರೆ, ಈಗ ಸರಿಪಡಿಸಿದ ಮೇಲೆ ಎಚ್ಚರಿಕೆಯ ದೀಪ ಹೊತ್ತಿಕೊಳ್ಳಬಹುದು, ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಒಂದು ಕಡೆಗೆ ಮೆಲ್ಲಗೆ ಎಳೆಯಲೂಬಹುದು. ಕೆಲವು ಕಾರುಗಳು ನೇರವಾಗಿ ಸ್ವಲ್ಪ ದೂರ ಓಡಿಸಿದಾಗ ಹೊಸ ಸೊನ್ನೆಯನ್ನು ತಾವೇ ಕಲಿಯುತ್ತವೆ. ಕೆಲವಕ್ಕೆ ಸ್ಟೀರಿಂಗ್ ಅನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸುವ ಕ್ರಮವಿದೆ. ಉಳಿದವಕ್ಕೆ ಸ್ಕ್ಯಾನರ್ ಬೇಕು. ಯಾವುದೆಂದು ಸರ್ವಿಸ್ ಕೈಪಿಡಿ ತಿಳಿಸುತ್ತದೆ. ದೀಪ ಆರದಿದ್ದರೆ ಅದನ್ನು ಅಲಕ್ಷಿಸಬಾರದು, ಏಕೆಂದರೆ ತಪ್ಪು ಸೊನ್ನೆಯನ್ನು ನಂಬಿದ ವ್ಯವಸ್ಥೆ ಜಾರುವ ರಸ್ತೆಯಲ್ಲಿ ತಪ್ಪು ಚಕ್ರಕ್ಕೆ ಬ್ರೇಕ್ ಹಾಕಬಹುದು. ಲೇನ್ ಕಾಯುವ ಕ್ಯಾಮೆರಾ ಇರುವ ಕಾರಿನಲ್ಲಿ ಅದರ ಮರುಹೊಂದಾಣಿಕೆ ಬೇಕೇ ಎಂಬುದನ್ನೂ ಅಲ್ಲೇ ನೋಡಿಕೊಳ್ಳಬೇಕು.

ಮುಂಬದಿಯಲ್ಲಿ ಒಂದೇ ಗಟ್ಟಿ ಆಕ್ಸಲ್ ಇರುವ ಜೀಪ್ ಮಾದರಿಯ ವಾಹನಗಳಿಗೆ ಮೇಲಿನ ಎಡಬಲದ ಲೆಕ್ಕ ಅನ್ವಯಿಸುವುದಿಲ್ಲ. ಅವುಗಳಲ್ಲಿ ಸ್ಟೀರಿಂಗ್ ಬಾಕ್ಸ್‌ನಿಂದ ಚಕ್ರದತ್ತ ಹೋಗುವ ಡ್ರ್ಯಾಗ್ ಲಿಂಕ್ ಮೇಲೆ ತಿರುಗಿಸುವ ತೋಳೊಂದು ಇರುತ್ತದೆ. ಅದರ ಎರಡು ಕ್ಲ್ಯಾಂಪ್‌ಗಳನ್ನು ಸಡಿಲಿಸಿ, ಚಕ್ರಗಳು ನೆಲದ ಮೇಲೆ ನೇರವಾಗಿ ನಿಂತಿರುವಾಗಲೇ ತೋಳನ್ನು ತಿರುಗಿಸಿದರೆ ಕಣ್ಣೆದುರೇ ಸ್ಟೀರಿಂಗ್ ನೇರವಾಗುತ್ತದೆ. ಡ್ರ್ಯಾಗ್ ಲಿಂಕ್ ನೇರವಾಗಿ ಚಕ್ರದ ಆರ್ಮ್‌ಗೆ ಸೇರಿ, ಟೈ ರಾಡ್ ಬೇರೆಯಾಗಿ ಎರಡೂ ಚಕ್ರಗಳನ್ನು ಜೋಡಿಸಿದ್ದರೆ ಟೋ ಬದಲಾಗುವುದಿಲ್ಲ. ಟೈ ರಾಡ್ ಡ್ರ್ಯಾಗ್ ಲಿಂಕ್‌ನ ನಡುವಿಗೇ ಬಂದು ಸೇರುವ ವಿನ್ಯಾಸದಲ್ಲಿ ಟೋ ಕೂಡ ಬದಲಾಗಬಹುದಾದ್ದರಿಂದ ಮತ್ತೆ ಅಳೆಯಬೇಕು.

ಕೆಲಸ ಮುಗಿದು ನೂರಿನ್ನೂರು ಕಿ.ಮೀ. ಓಡಿದ ನಂತರ ಲಾಕ್ ನಟ್‌ಗಳನ್ನು ಮತ್ತೊಮ್ಮೆ ಪರೀಕ್ಷಿಸಿ, ಬಿಳಿ ಗೆರೆ ಕದಲಿಲ್ಲವೆಂದು ನೋಡಿಕೊಳ್ಳಬೇಕು. ಟೋ ಅಳತೆಯಲ್ಲಿ ಎರಡು ಮಿಲಿಮೀಟರ್‌ಗಿಂತ ಹೆಚ್ಚಿನ ಬದಲಾವಣೆ ಕಂಡಿದ್ದರೆ, ಅಥವಾ ಟೈರಿನ ಪಟ್ಟೆಯ ಮೇಲೆ ಅಂಗೈ ಸವರಿದಾಗ ಒಂದು ದಿಕ್ಕಿಗೆ ನುಣುಪಾಗಿಯೂ ಇನ್ನೊಂದು ದಿಕ್ಕಿಗೆ ಒರಟಾಗಿಯೂ ತಗುಲಿದರೆ, ವೀಲ್ ಅಲೈನ್‌ಮೆಂಟ್ ಯಂತ್ರದಲ್ಲಿ ಪರೀಕ್ಷೆ ಮಾಡಿಸಬೇಕು. ಅಲ್ಲಿ ಕೆಲಸ ಶುರುವಾಗುವ ಮೊದಲೇ, ಸ್ಟೀರಿಂಗ್ ಅನ್ನು ನೇರವಾಗಿ ಬಿಗಿದು ನಿಲ್ಲಿಸಿಯೇ ಮುಂಚಕ್ರಗಳ ಟೋ ಹೊಂದಿಸಬೇಕೆಂದು ಕೇಳಿಕೊಳ್ಳಿ. ಯಂತ್ರದ ಪರದೆಯಲ್ಲಿ ಒಟ್ಟು ಟೋ ಸರಿಯಾಗಿದ್ದರೂ ಎಡ ಮತ್ತು ಬಲ ಚಕ್ರಗಳ ಅಂಕಿಗಳು ಬೇರೆ ಬೇರೆಯಾಗಿ ಉಳಿದಿದ್ದರೆ ಸ್ಟೀರಿಂಗ್ ಮತ್ತೆ ಓರೆಯಾಗಿಯೇ ಹೊರಬರುತ್ತದೆ.